ಇಲಿ ತಿಂದ ನಂಬರು

ಸೃಷ್ಟಿ, ಸಮರ್ಥ, ಕೇಳಿ ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮಾತಿಗಿಂತ ಸದ್ದೇ ಹೆಚ್ಚಿತ್ತು. ಸುರೇಬಾನದಲ್ಲಿ ಅಪ್ಪನ ಹಿಟ್ಟಿನ ಗಿರಣಿ ನಮ್ಮ ಪಡಸಾಲೆಗೆ ಅಂಟಿಕೊಂಡೇ ಇತ್ತು. ಕರೆಂಟು ಬಂತೆಂದರೆ ಗೋಡೆಯ ಮೇಲಿನ ಕನ್ನಡಿಯೂ ನಡುಗುತ್ತಿತ್ತು. ಗಿರಣಿ ಓಡುವಾಗ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅದಕ್ಕೆ ಅಲ್ಲಿ ಕೈಸನ್ನೆಯೇ ಮಾತು. ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿದರೆ ‘ಸಣ್ಣಗೆ ಬೀಸು’. ಮುಷ್ಟಿ ಹಿಡಿದು ಎತ್ತಿದರೆ ‘ದಪ್ಪ ಬೀಳುತ್ತಿದೆ’. ಜೋಳ ತರುವ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ನಾಲ್ಕು ಜನರ ಎದುರು ಬಾಯಿ ಬಿಡಲು ಅಂಜುತ್ತಿದ್ದ ನನಗೆ ಗಿರಣಿ ಬಹಳ ಹಿಡಿಸಿತ್ತು. ಅಲ್ಲಿ ಎಲ್ಲರೂ ನನ್ನಂತೆಯೇ ಮೂಕರು.

ಆ ವರ್ಷ ಅಕ್ಕ ಬಸ್ಸಿನಲ್ಲಿ ರಾಮದುರ್ಗದ ಹೈಸ್ಕೂಲಿಗೆ ಹೋಗುತ್ತಿದ್ದಳು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಹೊಳೆ ಕಲ್ಲನ್ನು ಹೇಗೆ ನುಣುಪು ಮಾಡುತ್ತದೆಂದು ತೋರಿಸುತ್ತೇನೆ ಎಂದು ಹೆಸರು ಕೊಟ್ಟು ಬಂದಿದ್ದಳು. ಅವಳ ಗೆಳತಿಯರು ನಕ್ಕಿದ್ದರಂತೆ. “ಕಲ್ಲು ನೋಡಾಕ ರಾಮದುರ್ಗಕ್ಕ ಯಾಕ ಬರಬೇಕು? ಹೊಳಿಗಿ ಅರಿಬಿ ಒಗ್ಯಾಕ ಹೋದ್ರ ಸಾಕಲ್ಲ!” ಅಂದಿದ್ದರಂತೆ. ಅಕ್ಕ ಅಂದು ಊಟ ಬಿಟ್ಟು ಮಲಗಿದ್ದಳು.

ಅಪ್ಪನಿಗೆ ಇಂಥ ಕೆಲಸವೆಂದರೆ ಹುಚ್ಚು. ದಪ್ಪನೆಯ ಪೈಪಿನ ತುಂಡಿಗೆ ಒಳಗೆ ರಬ್ಬರ್ ಅಂಟಿಸಿ, ಎರಡೂ ಬಾಯಿಗೆ ಮುಚ್ಚಳ ಮಾಡಿ, ಸಣ್ಣ ಪೀಪಾಯಿಯಂಥದೊಂದು ಸಿದ್ಧ ಮಾಡಿದ. ಹಳೆಯ ಸೈಕಲ್ ಗಾಲಿಗೆ ಪಟ್ಟಾ ಹಾಕಿ, ಗಿರಣಿ ಓಡಿದಾಗಲೆಲ್ಲ ಪೀಪಾಯಿಯೂ ನಿಧಾನಕ್ಕೆ ಉರುಳುವಂತೆ ಮಾಡಿದ. ಮಲಪ್ರಭೆಯ ದಂಡೆಯಲ್ಲಿ ಆರಿಸಿದ ಕೆಂಪು, ಬಿಳಿ, ಜೇನು ಬಣ್ಣದ ಕಲ್ಲು, ಒಂದಿಷ್ಟು ನೀರು, ಕಲ್ಲು ಉಜ್ಜುವ ಸಾಣೆಪುಡಿ ಒಂದಿಷ್ಟು ಒಳಗೆ ಹಾಕಿ ಮುಚ್ಚಿದರೆ ಕಲ್ಲುಗಳು ಒಂದಕ್ಕೊಂದು ತಿಕ್ಕಿಕೊಂಡು ಸವೆಯುತ್ತಿದ್ದವು.

ಸಾಣೆಪುಡಿ ತಂದುಕೊಟ್ಟವನು ಬೆಳಗಾವಿಯಲ್ಲಿ ಕೆಲಸಕ್ಕಿದ್ದ ಸೋದರಮಾವ. ಮೂರು ಡಬ್ಬಿ. ಮೊದಲು ಒರಟು ಪುಡಿ, ಆಮೇಲೆ ನಡುವಿನದು, ಕೊನೆಗೆ ಹೊಳಪು ಕೊಡುವ ನುಣ್ಣನೆಯದು. ಪುಡಿ ಸಣ್ಣದಾದಷ್ಟೂ ಅದರ ನಂಬರು ದೊಡ್ಡದು ಎಂದು ಮಾವ ಹೇಳಿದ್ದ. ಅಕ್ಕ ಚಂದಾಗಿ ನಂಬರು ಬರೆದು, ಗೋಧಿಹಿಟ್ಟಿನ ಅಂಟು ಕುದಿಸಿ, ಡಬ್ಬಿಗಳಿಗೆ ಚೀಟಿ ಅಂಟಿಸಿದ್ದಳು. ಗಿರಣಿಯ ಮನೆಯಲ್ಲಿ ಹಿಟ್ಟಿನ ಅಂಟು! ಇಲಿಗಳಿಗೆ ಹಬ್ಬ.

ಅದು ಗೊತ್ತಾದದ್ದು ಆ ಸೋಮವಾರ. ಒರಟು ಪುಡಿ ಮುಗಿದಿತ್ತು, ನಡುವಿನದರ ಕೆಲಸವೂ ಆಗಿತ್ತು. ಇನ್ನು ನುಣ್ಣನೆಯದನ್ನು ಹಾಕಬೇಕು. ಅಪ್ಪ ಕಲ್ಲುಗಳನ್ನು ನೀರು ಬದಲಿಸಿ ಬದಲಿಸಿ ತೊಳೆದ. ಖಾರ ಬೀಸಿದ ಮೇಲೆ ಹೊಟ್ಟು ಹಾಕಿ ಗಿರಣಿ ತಿರುಗಿಸದೆ ಅವನು ಯಾರ ಜೋಳವನ್ನೂ ಸುರಿಯುತ್ತಿರಲಿಲ್ಲ. ಪೀಪಾಯಿಗೂ ಹಾಗೆಯೇ ಹೊಟ್ಟು ಹಾಕಿ ತಿಕ್ಕಿದ. ಹಿಂದಿನ ಪುಡಿಯ ಒಂದು ಕಾಳು ಉಳಿದರೂ ಕಲ್ಲಿಗೆ ಗೀರು ಬೀಳುತ್ತದೆ ಎನ್ನುತ್ತಿದ್ದ. ಆಮೇಲೆ ಗೋಡೆಯ ಗೂಡಿನಂಥ ಮಾಡದಿಂದ ಡಬ್ಬಿ ಇಳಿಸಿದರೆ ಎರಡರ ಮೇಲೂ ಚೀಟಿಯಿಲ್ಲ. ಒಂದರಲ್ಲಿ ಮಿಕ್ಕ ನಡುವಿನ ಪುಡಿ, ಇನ್ನೊಂದರಲ್ಲಿ ನುಣ್ಣನೆಯದು. ಎರಡೂ ಅರ್ಧರ್ಧವೇ ಇದ್ದವು, ಎರಡೂ ಬೂದಿಯಂತೆಯೇ ಕಾಣುತ್ತಿದ್ದವು. ಮುಂದಿನ ಸೋಮವಾರವೇ ಪ್ರದರ್ಶನ. ತಪ್ಪು ಪುಡಿ ಹಾಕಿದರೆ ಕಲ್ಲು ಮಬ್ಬಾಗಿಯೇ ಉಳಿಯುತ್ತಿತ್ತು. ಮತ್ತೆ ಉರುಳಿಸಲು ಹೊತ್ತಿರಲಿಲ್ಲ.

ಅಪ್ಪ ಎರಡನ್ನೂ ಬೆರಳಲ್ಲಿ ಹಿಡಿದು ತಿಕ್ಕಿದ. ಬಿಸಿ ಹಿಟ್ಟು ಮುಟ್ಟಿ ಮುಟ್ಟಿ ಅವನ ಹೆಬ್ಬೆರಳು ಚಕ್ಕಳದಂತಾಗಿತ್ತು.

“ನನಗ ಎರಡೂ ಒಂದ ಅನಸತಾವವಾ,” ಅಂದ.

“ನುಣ್ಣಂದು ಗಿಡ್ಡ ಡಬ್ಬಿನ ಅಪ್ಪಾ, ನನಗ ಪಕ್ಕಾ ನೆನಪೈತಿ,” ಅಂದಳು ಅಕ್ಕ.

“ನಿನ್ನೆ ಉದ್ದಂದು ಅಂದಿದ್ದೆಲ್ಲ?”

“ನಿನ್ನೆ ನಾ ನಿದ್ದಿಗಣ್ಣಾಗ ಇದ್ನಿ!”

ಅಷ್ಟರಲ್ಲಿ ಕರೆಂಟು ಬಂತು. ಬೆಳಗಿನಿಂದ ಬುಟ್ಟಿ ಇಟ್ಟು ಕಾಯುತ್ತಿದ್ದ ಹೆಂಗಸರು ಒಮ್ಮೆಲೇ ಎದ್ದರು. ಅಪ್ಪ ಓಡಿ ಹೋಗಿ ಗಿರಣಿ ಶುರು ಮಾಡಿದ. ಹಿಟ್ಟಿನ ಧೂಳು, ಬೆಚ್ಚನೆಯ ಜೋಳದ ವಾಸನೆ, ಪಟ್ಟಾ ಬಡಿಯುವ ಸದ್ದು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಕೊನೆಗೆ ಡಬ್ಬಿಗಳ ಹತ್ತಿರ ಕುಕ್ಕರಗಾಲಲ್ಲಿ ಕೂತೆ.

ಗಿರಣಿಯ ಸವೆದ ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹಾಕಿಸಿದ ದಿನ ಮೊದಲ ಹಿಟ್ಟಿನಲ್ಲಿ ಕಲ್ಲುಪುಡಿ ಬರುತ್ತದೆ. ಅಂಥ ದಿನ ಅವ್ವ ನನ್ನನ್ನೇ ಕರೆದು ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕುತ್ತಿದ್ದಳು. ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಆಡಿಸಿದರೆ ಕಣ್ಣಿಗೆ ಕಾಣದ ಕಲ್ಲೂ ‘ಕರಕರ’ ಎನ್ನುತ್ತಿತ್ತು. ಅದು ನೆನಪಾಗಿ ಗಿಡ್ಡ ಡಬ್ಬಿಯಿಂದ ಒಂದಿಷ್ಟೇ ಪುಡಿ ಬೆರಳ ತುದಿಗೆ ಹಚ್ಚಿ ಹಲ್ಲಿನ ನಡುವೆ ಇಟ್ಟೆ. ತಲೆಯೊಳಗೆಲ್ಲ ಕರಕರ! ಉಗುಳಿ, ಬಾಯಿ ಮುಕ್ಕಳಿಸಿ, ಉದ್ದ ಡಬ್ಬಿಯದನ್ನು ನೋಡಿದೆ. ಅದು ಸುಣ್ಣದಂತೆ ಜಾರಿತು. (ನೀವು ಮಾತ್ರ ಹೀಗೆ ಮಾಡಬೇಡಿ. ಅದು ಬಾಯಿಗೆ ಹಾಕುವ ಪದಾರ್ಥವಲ್ಲ.)

ತಲೆ ಎತ್ತಿ ನೋಡಿದರೆ ಅಕ್ಕ ಆಗಲೇ ಗಿಡ್ಡ ಡಬ್ಬಿ ಎತ್ತಿಕೊಂಡು ಅಪ್ಪನ ಬಳಿ ಹೋಗುತ್ತಿದ್ದಳು. ಅಪ್ಪ ಪೀಪಾಯಿಯ ಮುಚ್ಚಳ ತೆಗೆದು ಹಿಡಿದಿದ್ದ. ಅಕ್ಕ ಚಮಚದಲ್ಲಿ ಪುಡಿ ತೆಗೆದಳು. ನನ್ನ ಕೂಗು ನನಗೇ ಕೇಳಿಸಲಿಲ್ಲ. ನಡುವೆ ಬುಟ್ಟಿಗಳು, ಹೆಂಗಸರು. ನಾನು ಕಟ್ಟೆ ಹತ್ತಿ ಮುಷ್ಟಿ ಹಿಡಿದು ಕೈ ಮೇಲೆತ್ತಿದೆ. ದಪ್ಪ! ದಪ್ಪ!

ಮೊದಲು ನೋಡಿದವಳು ಮೂಲೆಮನೆಯ ಮುದುಕಿ. ಬೀಳುತ್ತಿದ್ದದ್ದು ಅವಳ ಜೋಳದ ಹಿಟ್ಟು. ಅವಳು ಅಪ್ಪನ ತೋಳು ಹಿಡಿದು ಜಗ್ಗಿ, ನನ್ನ ಕಡೆ ತೋರಿಸಿ, ತಾನೂ ಮುಷ್ಟಿ ಎತ್ತಿದಳು. ಅವಳನ್ನು ನೋಡಿ ಇನ್ನಿಬ್ಬರು ಎತ್ತಿದರು. ಅಪ್ಪ ಗಾಬರಿಯಾಗಿ ಗಿರಣಿ ನಿಲ್ಲಿಸಿದ.

ಸದ್ದು ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ನನ್ನ ಹಿಟ್ಟಿಗಿ ಏನಾಗೇತಿ ಹೇಳ ಬೇ ಹುಡುಗಿ! ನನಗ ಬಾಯಾಗ ಹಲ್ಲಿಲ್ಲ, ದಪ್ಪ ಹಿಟ್ಟಿನ ರೊಟ್ಟಿ ಹೆಂಗ ತಿನ್ನಲಿ?” ಅಂದಳು ಮುದುಕಿ.

ಓಡಿಹೋಗಬೇಕೆನಿಸಿತು. ಆದರೆ ಅಕ್ಕನ ಚಮಚ ಇನ್ನೂ ಪೀಪಾಯಿಯ ಬಾಯಿಯ ಮೇಲೇ ಇತ್ತು.

“ಹಿಟ್ಟಲ್ಲ... ಅದು... ಅಕ್ಕನ ಪುಡಿ. ಕರಕರ ಅಂತೈತಿ,” ಅಂದೆ.

“ನಿನಗ ಹೆಂಗ ಗೊತ್ತ?” ಅಕ್ಕ ಸಿಟ್ಟಿನಿಂದ ಕೇಳಿದಳು.

ನಾನು ಹಲ್ಲು ಕಿಸಿದು ಬೆರಳಿನಿಂದ ತೋರಿಸಿದೆ. ಅಪ್ಪ ನನ್ನ ಮುಖ ನೋಡಿದ. ಹಿಟ್ಟಿನ ವಿಷಯದಲ್ಲಿ ಅವ್ವ ನನ್ನನ್ನೇ ಕರೆಯುವುದು ಅವನಿಗೆ ಗೊತ್ತಿತ್ತು. ಡಬ್ಬಿಗಳನ್ನು ಅಕ್ಕನ ಮುಂದೆ ಹಿಡಿದು, “ನೀನೂ ನೋಡವಾ,” ಅಂದ. ಅಕ್ಕ ಒಂದು ಚೂರು ಹಲ್ಲಿನ ನಡುವೆ ಇಟ್ಟು ಮುಖ ಕಿವುಚಿದಳು. ಇನ್ನೊಂದನ್ನು ಇಟ್ಟಳು. ಆಮೇಲೆ ಚಮಚದ ಪುಡಿಯನ್ನು ಗಿಡ್ಡ ಡಬ್ಬಿಗೇ ಸುರಿದಳು.

“ಅಂದ್ರ ನನ್ನ ಹಿಟ್ಟ ಸಣ್ಣ ಐತಿ ಹೌದಲ್ಲೊ?” ಅಂದಳು ಮುದುಕಿ. ಎಲ್ಲರೂ ನಕ್ಕರು.

ಆ ವಾರ ನನಗೆ ನಿದ್ದೆ ನೆಟ್ಟಗೆ ಹತ್ತಲಿಲ್ಲ. ಶಾಲೆಯಲ್ಲಿ ಕೂತರೆ ಕಿವಿಯೆಲ್ಲ ಮನೆಯ ಕಡೆ. ಕರೆಂಟು ಹೋದರೆ ಸಂಕಟ, ಬಂದರೂ ಸಂಕಟ. ನನ್ನ ಹಲ್ಲು ಸುಳ್ಳು ಹೇಳಿದ್ದರೆ? ಭಾನುವಾರ ಸಂಜೆ ಅಪ್ಪ ಮುಚ್ಚಳ ತೆಗೆದು ಕಲ್ಲುಗಳನ್ನು ಬುಟ್ಟಿಯಲ್ಲಿ ಸುರಿದ. ಒದ್ದೆ ಕಲ್ಲು ಹೇಗಿದ್ದರೂ ಹೊಳೆಯುತ್ತದೆ, ಅದನ್ನು ನಂಬುವಂತಿಲ್ಲ. ಅಕ್ಕ ಸೆರಗಿನಂತೆ ಹೊದ್ದಿದ್ದ ಓಢಣಿಯಿಂದ ಒಂದನ್ನು ಒರೆಸಿದಳು. ಒಣಗಿದ ಮೇಲೂ ಅದು ಎಣ್ಣೆ ಸವರಿದಂತೆ ಮಿಂಚುತ್ತಿತ್ತು. ಕಿಟಕಿಯ ಸರಳುಗಳು ಸಹ ಅದರಲ್ಲಿ ಕಾಣುತ್ತಿದ್ದವು.

ಪ್ರದರ್ಶನದಲ್ಲಿ ಅಕ್ಕನಿಗೆ ಬಹುಮಾನ ಬರಲಿಲ್ಲ. ಆದರೆ ನಕ್ಕಿದ್ದ ಗೆಳತಿಯರೇ ಕಲ್ಲುಗಳನ್ನು ಗಲ್ಲಕ್ಕೆ ಒತ್ತಿಕೊಂಡು ಒಂದೊಂದು ಕೊಡು ಎಂದು ಕಾಡಿದರಂತೆ. ಅವಳು ಎಲ್ಲ ಹಂಚಿ ಬಂದಳು. ಒಂದು ಕೆಂಪು ಕಲ್ಲನ್ನು ಮಾತ್ರ ಉಳಿಸಿಕೊಂಡು ಬಂದು ನನ್ನ ಅಂಗೈಯಲ್ಲಿಟ್ಟು, ತನ್ನ ಮುಂದಿನ ಹಲ್ಲನ್ನು ಬೆರಳಿನಿಂದ ಟಕಟಕ ಬಡಿದು ತೋರಿಸಿದಳು.

ಈಗ ನಿಮ್ಮ ಮನೆಗೆ ಹಿಟ್ಟು ಪಾಕೀಟಿನಲ್ಲಿ ಬರುತ್ತದೆ, ಮೇಲೆ ಎಲ್ಲ ಅಚ್ಚಾಗಿರುತ್ತದೆ. ನಿಮ್ಮ ಹೆಬ್ಬೆರಳು ದಿನವಿಡೀ ಮೊಬೈಲಿನ ಗಾಜಿನ ಮೇಲೆ ಓಡುತ್ತದೆ. ಅದೂ ನುಣ್ಣಗಿದೆ, ಒಪ್ಪುತ್ತೇನೆ. ನಿಮ್ಮ ಅಜ್ಜ ಇದ್ದಾಗ, “ಕೈಲೆ ಸಾಕು, ಬಾಯಿಲೆ ಹೇಳ,” ಎಂದು ನನ್ನನ್ನು ಕಾಡುತ್ತಿದ್ದರು. ಅವರಿಗೂ ಇದನ್ನು ಪೂರ್ತಿ ಹೇಳಲಾಗಲಿಲ್ಲ. ನಿಮಗೆ ಬರೆದಿದ್ದೇನೆ.

ದೇವರ ಮಾಡದಲ್ಲಿರುವ ಕೆಂಪು ಕಲ್ಲು ಅದೇ. ಜಗಳವಾಡದೆ ಇಬ್ಬರೂ ಇಟ್ಟುಕೊಳ್ಳಿ. ಈ ಹಾಳೆಗಳನ್ನೂ ಜೋಪಾನ ಮಾಡಿ. ಎಲ್ಲಾದರೂ ಹರಿದರೆ ಅಂಗಡಿಯ ಅಂಟೇ ಹಚ್ಚಿ. ಹಿಟ್ಟಿನದು ಬೇಡ.