ಓಡಿ ಬರುವವರ ಗಂಟೆ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಲಂಡನ್ನಿನ ಹ್ಯಾರೋದಲ್ಲಿ ನಾವು ಕನ್ನಡದವರು ಯುಗಾದಿಗೋ ದೀಪಾವಳಿಗೋ ಒಟ್ಟು ಸೇರಿದಾಗ, ಊಟವಾದ ಮೇಲೆ ಯಾರಾದರೊಬ್ಬರು ಹಳೆಯ ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಡ ಬಿಳಿ ಉಡುಪಿನ ನರ್ಸಿನ ಕಥೆ ತೆಗೆಯುತ್ತಾರೆ. ಆಗ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ಆ ನರ್ಸನ್ನು ನಂಬುತ್ತೇನೆಂದಲ್ಲ. ಆದರೆ ಒಂದು ಬೆಳಗಿನ ಸಂಗತಿ ನನ್ನ ಡೈರಿಯಲ್ಲಿದೆ. ಅದನ್ನು ಹೊಡೆದುಹಾಕಲೂ ಆಗಿಲ್ಲ, ಬಿಡಿಸಿ ಹೇಳಲೂ ಆಗಿಲ್ಲ.

ಡೈರಿ ಎಂದರೆ ದೊಡ್ಡದೇನಲ್ಲ. ಲಂಡನ್ನಿಗೆ ಬಂದ ವರ್ಷದಿಂದ ದಿನಕ್ಕೆ ನಾಲ್ಕು ಸಾಲು ಬರೆಯುತ್ತೇನೆ. ಏನು ಅಡುಗೆ ಮಾಡಿದೆ, ಬಾಯ್ಲರ್ ರಿಪೇರಿಯವನು ಬಂದನೋ ಇಲ್ಲವೋ, ಮಗಳಿಗೆ ಜ್ವರ ಎಷ್ಟಿತ್ತು, ರೇನರ್ಸ್ ಲೇನಿನ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು ಸಿಕ್ಕಿತೋ, ಇಂಥವೇ.

ನನ್ನ ಅಪ್ಪ ಧಾರವಾಡದ ಒಂದು ಕಾಲೇಜಿನಲ್ಲಿ ಸಿಪಾಯಿ. ಗಂಟೆ ಬಾರಿಸುವುದು, ಗೇಟು ಹಾಕುವುದು ಎರಡೂ ಅವನದೇ ಕೆಲಸ. ಗಂಟೆ ಎಂದರೆ ಗೇಟಿನ ಪಕ್ಕದ ಬೇವಿನ ಮರಕ್ಕೆ ತೂಗುಹಾಕಿದ ರೈಲುಹಳಿಯ ತುಂಡು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಹನ್ನೊಂದು ಪೆಟ್ಟು. ಆಮೇಲೆ ಕೈಯಲ್ಲಿ ಸಲಾಕೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ನಾಲ್ಕೈದು ಉಸಿರು ಬಿಟ್ಟು, ಸಲಾಕೆಯ ತುದಿಯಿಂದ ಮೆಲ್ಲಗೆ ಇನ್ನೊಂದು ಸಲ ಮುಟ್ಟಿಸುತ್ತಿದ್ದ. ಅದಾದ ಮೇಲೆಯೇ ಗೇಟು. ಇದೇನು ಹನ್ನೆರಡನೆಯದು ಎಂದು ಪ್ರಿನ್ಸಿಪಾಲರು ಒಮ್ಮೆ ಕೇಳಿದ್ದಕ್ಕೆ, “ಅದು ಲೆಕ್ಕದಾಗ ಇಲ್ರೀ ಸರ, ಓಡಿ ಬರೋರಿಗೆ ಅದು” ಎಂದಿದ್ದನಂತೆ.

ಹಾಗೆ ಓಡಿ ಬರುತ್ತಿದ್ದವರಲ್ಲಿ ಒಬ್ಬರು ನಮ್ಮವರು. ಪಿಯುಸಿಯ ಎರಡು ವರ್ಷವೂ ಹುಡುಗರ ಜೊತೆ “ಗಂಟಿ ಕಾಕಾ, ತಡೀರಿ” ಎಂದು ಕೂಗುತ್ತಲೇ ಒಳಗೆ ಬಂದವರು. ಮುಂದೆ ಡಾಕ್ಟರಾಗಿ, ನನ್ನನ್ನು ಮದುವೆಯಾದ ಮೇಲೆ, ಕಾಕಾ ಹೋಗಿ ‘ಮಾವಾರು’ ಆಯಿತು.

ಕಾಲೇಜಿನ ಇತಿಹಾಸದ ಪ್ರೊಫೆಸರೊಬ್ಬರು ಯಾವುದೋ ಸಮ್ಮೇಳನಕ್ಕೆಂದು ಬಾರ್ಸಿಲೋನಾಕ್ಕೆ ಹೋದಾಗ ಅಪ್ಪನಿಗೊಂದು ಚಿತ್ರದ ಕಾರ್ಡು ಕಳಿಸಿದ್ದರು. ಅಲ್ಲಿನ ಹಳೆಯ ವಿಶ್ವವಿದ್ಯಾಲಯದ ಅಂಗಳ. ಸುತ್ತ ಕಮಾನುಗಳು, ನಡುವೆ ಕಿತ್ತಳೆ ಗಿಡಗಳು, ಮೇಲೆ ಗಡಿಯಾರದ ಗೋಪುರ. ಅಪ್ಪ ಅದನ್ನು ಕನ್ನಡಿಯ ಸಂದಿನಲ್ಲಿ ಸಿಕ್ಕಿಸಿಕೊಂಡಿದ್ದ. ದಾಡಿ ಮಾಡಿಕೊಳ್ಳುವಾಗ ದಿನಾ ನೋಡಬೇಕು, ದಿನಾ ಅದೇ ಮಾತು. “ಇಷ್ಟ ದೊಡ್ಡ ಕಾಲೇಜಿಗೆ ಯಾವ ಪುಣ್ಯಾತ್ಮ ಗಂಟಿ ಹೊಡೀತಾನೋ ಏನೋ.”

ನಾವು ಲಂಡನ್ನಿಗೆ ಹೊರಟಾಗ ಅವನು ಕೇಳಿದ್ದು ಅದೊಂದೇ. “ಅಲ್ಲಿಂದ ಹತ್ರ ಆಗ್ತದಂತ. ಯಾರು ಗಂಟಿ ಹೊಡೀತಾರ ನೋಡಿ ಬಂದು ಹೇಳವಾ.” ನಿಜಕ್ಕೂ ಎರಡು ತಾಸಿನ ವಿಮಾನ, ಅಷ್ಟೆ. ಪ್ರತಿ ಭಾನುವಾರ ಫೋನಿನಲ್ಲಿ “ಹೋಗಿದ್ಯೇನು?” ಎನ್ನುವನು. “ಇಲ್ಲಪ್ಪಾ, ಬರೋ ವರ್ಷ” ಎನ್ನುವೆನು. ಒಂದು ವರ್ಷ ಇವರ ಪರೀಕ್ಷೆ, ಒಂದು ವರ್ಷ ಮಗಳು ಹುಟ್ಟಿದಳು, ಒಂದು ವರ್ಷ ಮನೆ ಬದಲಿಸಿದೆವು. ಸಿಕ್ಕ ರಜೆಯೆಲ್ಲ ಧಾರವಾಡಕ್ಕೇ ಸರಿಹೋಗುತ್ತಿತ್ತು.

ತೊಂಬತ್ತಾರರ ಚಳಿಗಾಲದಲ್ಲಿ ಅಪ್ಪ ಹೋಗಿಬಿಟ್ಟ. ಟಿಕೆಟ್ಟು ಸಿಕ್ಕಿ, ಮುಂಬೈಗೆ ಇಳಿದು, ಬಸ್ಸು ಹಿಡಿದು ನಾನು ಮನೆ ಮುಟ್ಟುವಷ್ಟರಲ್ಲಿ ಮೂರನೆಯ ದಿನ. ಎಲ್ಲ ಮುಗಿದಿತ್ತು. “ಎಷ್ಟಂತ ಕಾಯೂದವಾ” ಎಂದ ಅಣ್ಣ. ಅವನದೇನೂ ತಪ್ಪಿರಲಿಲ್ಲ. ಆದರೆ ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲೆ. ಊರ ಮಕ್ಕಳಿಗೆಲ್ಲ ಗೇಟು ಹಿಡಿದು ನಿಂತವನು ನನಗೊಬ್ಬಳಿಗೆ ನಿಲ್ಲಲಿಲ್ಲವಲ್ಲ ಎಂದು. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಡೈರಿಯಲ್ಲೂ ಬರೆಯಲಿಲ್ಲ. ಭಾನುವಾರ ಫೋನಿನ ಹೊತ್ತಿಗೆ ಮಾತ್ರ ಇಸ್ತ್ರಿ ಮಾಡಲು ಕೂರುತ್ತಿದ್ದೆ.

ಏಳು ವರ್ಷ ಕಳೆದ ಮೇಲೆ, ಮಗಳು ಶಾಲೆಯ ಪ್ರವಾಸಕ್ಕೆ ಹೋಗಿದ್ದ ವಾರ, ಇವರೇ ಟಿಕೆಟ್ಟು ತಂದರು. ಅಪ್ಪನಿಗೆ ಕೊಟ್ಟ ಮಾತು ಅವರಿಗೂ ನೆನಪಿತ್ತು. ಬಾರ್ಸಿಲೋನಾದ ಹೋಟೆಲಿನಲ್ಲಿ ಮೊದಲ ಬೆಳಿಗ್ಗೆ, ಲಂಡನ್ನಿನಿಂದ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿಯನ್ನು ನಾನು ಟೀ ಮಗ್ಗಿನಲ್ಲಿ ನೆನೆಸಿ, ಒಗ್ಗರಣೆ ಪುಡಿ ಕಲಸುತ್ತಿದ್ದೆ.

“ನಿನ್ನ ಅವಲಕ್ಕಿ ನೆನೆಯೂದ್ರಾಗ ಆ ಯೂನಿವರ್ಸಿಟಿ ಮುಚ್ಚಿ ಹೋಗಿರ್ತೈತಿ” ಎಂದರು ಇವರು.

“ನೀವು ತಡಾ ಆಗೂದರ ಬಗ್ಗೆ ನನಗ ಹೇಳ್ತೀರೇನು?” ಎಂದೆ.

ಅವರ ಮಾತೇ ನಿಜವಾಯಿತು. ವಿಶ್ವವಿದ್ಯಾಲಯದ ಎದುರಿನ ರಸ್ತೆ ದಾಟುವಾಗ ಗೋಪುರದ ಗಂಟೆ ಹೊಡೆಯತೊಡಗಿತ್ತು. ಮೆಟ್ಟಿಲ ಕೆಳಗೆ ಇಂಗ್ಲಿಷಿನಲ್ಲೂ ಬರೆದ ಒಂದು ಫಲಕ ಇಟ್ಟಿದ್ದರು. ಒಳಗೆ ಏನೋ ಸಮಾರಂಭ, ಇವತ್ತು ಹನ್ನೊಂದರಿಂದ ವಾರವಿಡೀ ಹೊರಗಿನವರಿಗೆ ಪ್ರವೇಶವಿಲ್ಲ. ಕಾವಲಿನ ಮುದುಕ ದೊಡ್ಡ ಮರದ ಬಾಗಿಲನ್ನು ತಳ್ಳುತ್ತಿದ್ದ. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ. ಒಂಬತ್ತು, ಹತ್ತು, ಹನ್ನೊಂದು. ನಿಂತಿತು.

“ಮುಗೀತು ಬಿಡು” ಎಂದರು ಇವರು. ಇಬ್ಬರೂ ಫುಟ್‌ಪಾತಿನ ಮೇಲೆ ನಿಂತೆವು. ಇಲ್ಲಿಗೂ ತಡವಾಗಿ ಬಂದೆನಲ್ಲ ಎಂದುಕೊಂಡೆ.

ಆಗ, ನಾಲ್ಕೈದು ಉಸಿರಿನ ಮೇಲೆ, ಮೆಲ್ಲಗೆ ಇನ್ನೊಂದು.

ಮೈ ನವಿರೆದ್ದಿತು ಎಂದೇನೂ ಬರೆಯಲಾರೆ. ಹಾಗಾಗಲಿಲ್ಲ. ಮನೆಯಲ್ಲಿ ಯಾರೋ ಬಟ್ಟಲು ಕೆಳಗಿಟ್ಟ ಹಾಗೆ, ಗುರುತಿನ ಸದ್ದು. ಹಳಿಯ ತುಂಡಲ್ಲ ಅದು, ಕಂಚಿನ ಗಂಟೆಯೇ. ಲೋಹ ಬೇರೆ, ಕೈ ಅದೇ.

ನಾನು ತಿರುಗುವಷ್ಟರಲ್ಲಿ ಇವರು ಪಕ್ಕದಲ್ಲಿರಲಿಲ್ಲ. ಐವತ್ತು ದಾಟಿದ, ಮಂಡಿನೋವಿಗೆ ಲಿಫ್ಟು ಹುಡುಕುವ ಮನುಷ್ಯ ಮೆಟ್ಟಿಲು ಹಾರುತ್ತ ಓಡುತ್ತಿದ್ದರು. ಓಡುತ್ತಲೇ ಕೂಗಿದರು, “ಕಾಕಾ, ತಡೀರಿ!”

ಕಾವಲಿನ ಮುದುಕ ಬಾಗಿಲನ್ನು ಹಿಡಿದು ನಿಂತ. ಇವರನ್ನು ನೋಡಿದ, ಹಿಂದೆ ಸೀರೆಯ ನೆರಿಗೆ ಎತ್ತಿಕೊಂಡು ಬರುತ್ತಿದ್ದ ನನ್ನನ್ನು ನೋಡಿದ, ನಕ್ಕ. ನಾನು ಒಳಗೆ ಬರುವತನಕ ಹಾಗೇ ಹಿಡಿದಿದ್ದ.

ಒಳಗೆ ಅದೇ ಅಂಗಳ. ಕಮಾನು, ಕಿತ್ತಳೆ ಗಿಡ, ಮೇಲೆ ಗೋಪುರ. ಕಾರ್ಡಿನಲ್ಲಿ ಕಾಣದ ಪುಟ್ಟ ಕೊಳವೂ ಇತ್ತು. ಇಂಗ್ಲಿಷ್ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಹಿಡಿದು, ಗಂಟೆ ಯಾರು ಹೊಡೆಯುತ್ತಾರೆಂದು ಅವಳ ಮೂಲಕ ಮುದುಕನನ್ನು ಕೇಳಿದೆ. ಯಾರೂ ಇಲ್ಲ, ಯಂತ್ರ ಎಂದ. ಈಗ ಎಷ್ಟು ಹೊಡೆಯಿತು? ಹನ್ನೊಂದಕ್ಕೆ ಹನ್ನೊಂದೇ ಅಲ್ಲವೇ ಎಂದ. ಹಾಗಾದರೆ ನಮ್ಮನ್ನು ಒಳಗೆ ಬಿಟ್ಟದ್ದೇಕೆ? ಅಷ್ಟು ವಯಸ್ಸಾದವರು ಓಡಿ ಬಂದರೆ ಹೇಗೆ ಬಾಗಿಲು ಹಾಕುವುದು ಎಂದನಂತೆ.

ಇವರು ಕಲ್ಲುಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದರು.

“ನಿಮಗೂ ಕೇಳಿಸ್ತೇನ್ರೀ?” ಎಂದೆ.

“ಬಾಗಿಲಾ ಹಾಕ್ಲಿಕ್ಹತ್ತಿದ್ದ, ಓಡಿದೆ. ಅಷ್ಟ.”

“ಮತ್ತ ಕಾಕಾ ಅಂದ್ರಲ್ಲ?”

ಅವರು ಕನ್ನಡಕ ತೆಗೆದು ಶರ್ಟಿನ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

ಮರುದಿನ ನಾನೊಬ್ಬಳೇ ಹೋಗಿ ಹೊರಗಿನ ಫುಟ್‌ಪಾತಿನಲ್ಲಿ ನಿಂತೆ. ಹತ್ತಕ್ಕೆ ಹತ್ತು, ಹನ್ನೊಂದಕ್ಕೆ ಹನ್ನೊಂದು, ಹನ್ನೆರಡಕ್ಕೆ ಹನ್ನೆರಡು. ಒಂದೂ ಹೆಚ್ಚಿಲ್ಲ. ಡೈರಿಯಲ್ಲಿ ಅದನ್ನೂ ಬರೆದಿದ್ದೇನೆ. ಹಿಂದಿನ ದಿನದ ಪುಟದಲ್ಲಿ ಮಾತ್ರ ‘ಅವಲಕ್ಕಿ. ತಡವಾಯಿತು. ಹನ್ನೊಂದು, ಆಮೇಲೆ ಒಂದು. ಒಳಗೆ ಬಿಟ್ಟರು’ ಎಂದಿದೆ.

ಈಗ ಭಾನುವಾರದ ಇಸ್ತ್ರಿ ನಿಂತಿದೆ. ಆ ಹೊತ್ತಿಗೆ ಸುಮ್ಮನೆ ಫೋನಿನ ಪಕ್ಕ ಕೂರುತ್ತೇನೆ. ಅಪ್ಪ ಹೇಳಿದಂತೆ ಹೋಗಿ ಬಂದೆ. ಆದರೆ ಆ ಕೊನೆಯದನ್ನು ಯಾರು ಹೊಡೆದರೆಂದು ನೋಡಲಿಲ್ಲ. “ಹೋಗಿದ್ಯೇನು?” ಎಂದು ಅವನು ಕೇಳಿದರೆ ಹ್ಞೂಂ ಎನ್ನಬಹುದು. ಅದರ ಮುಂದಿನದನ್ನು ಅವನೇ ಹೇಳಬೇಕು.