ಜಾಕೆಟ್ ಇಲ್ಲದ ಫೋಟೊಗಳು

ನಾವಿನ್ನೂ ಕೂಪರ್ಟಿನೋದ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದ ಕಾಲ ಅದು. ಆಗ ಸ್ಪ್ರಿಂಗ್ ಬ್ರೇಕಿನ ರಜೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಒಂದೇ ಮಾತು, ಈ ಸಲ ಯಾರು ಎಲ್ಲಿಗೆ ಅಂತ. ಹವಾಯಿ ಎಲ್ಲರದೂ ಆಗಿಹೋಗಿತ್ತು. ಯೊಸೆಮಿಟಿ ಅಂದರೆ ಊರಿಂದ ನೆಂಟರು ಬಂದಾಗ ತೋರಿಸುವ ಜಾಗ, ಅದನ್ನು ಟ್ರಿಪ್ಪು ಅಂತ ಯಾರೂ ಒಪ್ಪುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು, ನಗಬೇಡಿ.

ನನಗೆ ಹತ್ತು ತುಂಬಿದ ವರ್ಷ ಸತೀಶ್ ಅಂಕಲ್ ಫ್ರಾನ್ಸ್ ಅಂದರು. ಅವರು ಅಪ್ಪನ ಇಂಜಿನಿಯರಿಂಗ್ ಕ್ಲಾಸ್‌ಮೇಟು. ಪಕ್ಕದೂರು ಸರಟೋಗಾದ ಗುಡ್ಡದ ಮೇಲೆ ಮನೆ, ಹೊಸದಾಗಿ ಹಿಡಿದಿದ್ದು ಫೋಟೊ ತೆಗೆಯುವ ಹುಚ್ಚು. ಪ್ಯಾರಿಸ್‌ಗೆ ಯಾರು ಬೇಕಾದರೂ ಹೋಗ್ತಾರೆ, ನಾವು ಹಳ್ಳಿಗಳಿಗೆ ಹೋಗೋಣ ಅಂದು ಒಂದು ಸ್ಪ್ರೆಡ್‌ಶೀಟು ಕಳಿಸಿದರು. ಆರು ದಿನಕ್ಕೆ ಹದಿನೇಳು ಜಾಗ. ಡೊರ್ಡೋನ್ ನದಿಯ ದಂಡೆಯಲ್ಲಿ ಬಂಡೆಗೆ ಅಂಟಿಕೊಂಡ ಊರುಗಳು, ಕೋಟೆಗಳು, ಒಳಗೆ ದೋಣಿ ಹೋಗುವಷ್ಟು ದೊಡ್ಡದೊಂದು ಗವಿ. ಪ್ರತಿ ಜಾಗದ ಮುಂದೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅನ್ನುವ ಕಾಲಮ್ಮು, ಎಷ್ಟು ನಿಮಿಷ ಅನ್ನುವ ಇನ್ನೊಂದು ಕಾಲಮ್ಮು.

"ಅವ್ವನ್ನ ಏನು ಮಾಡೋದು?" ಅಂದರು ಅಪ್ಪ.

ಅವ್ವ ಅಂದರೆ ನನ್ನ ಅಜ್ಜಿ. ಮಂಡ್ಯದ ಹತ್ತಿರದ ಹಳ್ಳಿಯವಳು, ತಾತ ಹೋದಮೇಲೆ ನಮ್ಮ ಜೊತೆಗೇ ಇದ್ದಳು. ನನಗೆ ಇಷ್ಟು ಕನ್ನಡ ಬಂದಿದ್ದರೆ ಅದು ಅವಳ ದೆಸೆಯಿಂದ. ದಿನಾ ಮೂರು ಗಂಟೆಗೆ ನನ್ನನ್ನು ಸ್ಕೂಲಿಂದ ಕರೆದುಕೊಂಡು ಬರುವುದು, ಮನೆ ಹತ್ತಿರದ ಪಾರ್ಕಿನ ಬೆಂಚಿನಲ್ಲಿ ಹಾಸನದ ಇನ್ನಿಬ್ಬರು ಅಜ್ಜಿಯರ ಜೊತೆ ಒಂದು ಗಂಟೆ ಕೂತು ಮಾತಾಡುವುದು, ಆಮೇಲೆ ಮನೆ. ಆ ಒಂದು ಗಂಟೆಗೋಸ್ಕರ ಬೆಳಗ್ಗೆಯೇ ಸೀರೆ ಆರಿಸಿ ಮಂಚದ ಮೇಲೆ ಇಟ್ಟಿರುತ್ತಿದ್ದಳು.

"ನಾನೂ ಬತ್ತೀನಿ ಕಣ್ಲಾ. ಅಲ್ಲೂ ಹಳ್ಳಿ ಅಂತೀರಲ್ಲ, ಎಂಗದೆ ನೋಡವ" ಅಂದಳು ಅಜ್ಜಿ.

ಹೋದೆವು. ನಾವು ನಾಲ್ಕು ಜನ, ಸತೀಶ್ ಅಂಕಲ್, ಲತಾ ಆಂಟಿ, ನನ್ನ ವಯಸ್ಸಿನ ಅವರ ಮಗಳು ನಿಧಿ. ಎರಡು ಬಾಡಿಗೆ ಕಾರು. ಏಪ್ರಿಲ್ ತಿಂಗಳಾದರೂ ಅಲ್ಲಿ ಮೂಗು ಉದುರುವಂಥ ಚಳಿ. ಆ ಊರುಗಳ ವಾಸನೆ ನನಗೆ ಇನ್ನೂ ನೆನಪಿದೆ, ಒದ್ದೆ ಕಲ್ಲು, ಸೌದೆ ಹೊಗೆ, ಬೇಕರಿಯಿಂದ ಬರುವ ಬೆಣ್ಣೆ. ಎರಡಡಿ ಉದ್ದದ ಬ್ರೆಡ್ಡು ಮುರಿದು, ಬೆಣ್ಣೆ ಸವರಿ, ಮೇಲೆ ಅಮ್ಮನ ಚಟ್ನಿಪುಡಿ ಉದುರಿಸಿಕೊಂಡು ಕಾರಿಗೆ ಒರಗಿ ನಿಂತು ತಿನ್ನುತ್ತಿದ್ದೆವು. ಅಂಥ ರುಚಿ ನಾನು ಮತ್ತೆ ಎಲ್ಲೂ ಕಂಡಿಲ್ಲ. ಮನೆಗಳೆಲ್ಲ ಬೆಲ್ಲದ ಬಣ್ಣದ ಕಲ್ಲಿನವು. ಬೀದಿಯಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ.

"ಏನ್ ಊರವ್ವ ಇದು. ಬೀದಿ ಗುಡ್ಸಿ ಎಲ್ರೂ ಎಲ್ಲೋ ಹೊಂಟೋಗವ್ರೆ" ಅಂದಳು ಅಜ್ಜಿ.

ಜನ ಇಲ್ಲದಿದ್ದರೇನು, ಬೆಕ್ಕುಗಳಿದ್ದವು. ಕಿಟಕಿಯಲ್ಲಿ, ಗೋಡೆ ಮೇಲೆ, ಚರ್ಚಿನ ಮೆಟ್ಟಿಲಿನಲ್ಲಿ. ನಾನೂ ನಿಧಿಯೂ ಒಂದು ನೋಟ್‌ಬುಕ್ಕಿನಲ್ಲಿ ಊರೂರಿನ ಬೆಕ್ಕು ಎಣಿಸಿ ಬರೆಯುವ ಆಟ ಶುರುಮಾಡಿದ್ದೆವು. ಅದು ಬಿಟ್ಟರೆ ನಮಗೆ ಆ ಹಳ್ಳಿಗಳಲ್ಲಿ ಕೆಲಸವೇ ಇರಲಿಲ್ಲ.

ದೊಡ್ಡವರಿಗೆ ಇತ್ತು. ಸತೀಶ್ ಅಂಕಲ್‌ದು ಒಂದು ಕಾನೂನು, ಫೋಟೊದಲ್ಲಿ ಜಾಕೆಟ್ ಇರಕೂಡದು. "ಕರೀ ಜಾಕೆಟ್ ಹಾಕ್ಕೊಂಡು ನಿಂತ್ರೆ ಎಲ್ಲಾ ಊರೂ ಒಂದೇ ಥರ ಕಾಣುತ್ತೆ ಕಣಯ್ಯಾ" ಅನ್ನುತ್ತಿದ್ದರು ಅಪ್ಪನಿಗೆ. ಲತಾ ಆಂಟಿ ಎಲ್ಲರಿಗೂ ಹಳದಿ, ಕೆಂಪು, ನೀಲಿ ಅಂತ ಬಟ್ಟೆ ಲೆಕ್ಕಹಾಕಿ ತಂದಿದ್ದರು. ಹಾಗಾಗಿ ಪ್ರತಿ ಊರಿನಲ್ಲಿ ಇಳಿದ ಕೂಡಲೇ ಆರು ಜನರೂ ಜಾಕೆಟ್ ಬಿಚ್ಚಿ ಅಜ್ಜಿಯ ತೋಳಿನ ಮೇಲೆ ಹಾಕುವುದು, ಚಳಿಗೆ ಹಲ್ಲು ಕಚ್ಚಿಕೊಂಡು ನಗುವುದು, ಫೋಟೊ ಮುಗಿದ ಮೇಲೆ ವಾಪಸ್ ಇಸಿದುಕೊಳ್ಳುವುದು. ಅಜ್ಜಿಗೆ ಜಾಕೆಟ್ ಇರಲಿಲ್ಲ. ಸೀರೆ ಮೇಲೆ ಅಪ್ಪನ ಹಳೇ ಬೂದು ಸ್ವೆಟರು, ಕಾಲಿಗೆ ಶೂ.

ನಾಲ್ಕನೇ ದಿನ ಮಧ್ಯಾಹ್ನ ಒಂದು ಊರಿಗೆ ಬಂದೆವು. ಚೌಕದಲ್ಲಿ ದಪ್ಪ ಮರದ ಕಂಬಗಳ ಮೇಲೆ ನಿಂತ ಹಳೇ ಸಂತೆ ಚಾವಡಿ. ಅಲ್ಲಿಂದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತಿದರೆ ಇಡೀ ನದಿ ಬಳುಕುವುದು ಕಾಣುತ್ತದಂತೆ. ಎಲ್ಲರೂ ಜಾಕೆಟ್ ಕೊಟ್ಟು ಮುಂದೆ ಹೊರಟರು. ನಾನು ಹಿಂದೆ ಬಿದ್ದಿದ್ದೆ.

"ಮಗ, ಆ ಮೆಟ್ಲು ನನ್ ಕೈಲಾಗಕ್ಕಿಲ್ಲ. ಈ ಚಾವಡೀಲಿ ಕುಂತಿರ್ತೀನಿ. ಮರೀದೆ ಅಪ್ಪಂಗೆ ಹೇಳು."

"ಓಕೆ ಅಜ್ಜಿ" ಅಂದೆ. ಅಷ್ಟರಲ್ಲಿ ಒಂದು ಗೇಟಿನ ಕೆಳಗೆ ಕಿತ್ತಳೆ ಬಣ್ಣದ ಬಾಲ ಕಾಣಿಸಿತು. ನಿಧಿಯನ್ನು ಕೂಗುತ್ತಾ ಓಡಿದೆ. ಅಪ್ಪನಿಗೆ ಹೇಳಲಿಲ್ಲ. ಬೇಕೆಂದು ಅಲ್ಲ, ತಲೆಯಿಂದ ಹಾರಿಯೇ ಹೋಯಿತು.

ಮೇಲೆ ಹೋದಾಗ ಮೋಡ ಸರಿದು ಒಳ್ಳೇ ಬಿಸಿಲು ಬಂತು. ಸತೀಶ್ ಅಂಕಲ್ ಕುಣಿದಾಡಿಬಿಟ್ಟರು. ಫೋಟೊ ಮೇಲೆ ಫೋಟೊ. ಆಮೇಲೆ ಗಡಿಯಾರ ನೋಡಿ, ಮುಂದಿನ ಊರಿನ ಬೆಳಕು ತಪ್ಪುತ್ತೆ ನಡೀರಿ ನಡೀರಿ ಅಂತ ಹಿಂದಿನ ಕಾಲುದಾರಿಯಿಂದ ನೇರ ಪಾರ್ಕಿಂಗಿಗೆ ಇಳಿಸಿದರು. ನಾನು ನಿಧಿಯ ಕಾರು ಹತ್ತಿದೆ. ಅಜ್ಜಿ ಯಾವಾಗಲೂ ನನ್ನ ಪಕ್ಕ ಕೂರುವವಳು, ಆದ್ದರಿಂದ ಆ ಕಾರಿನಲ್ಲಿದ್ದಾಳೆ ಅಂತ ಅಪ್ಪ ಅಮ್ಮ ಅಂದುಕೊಂಡರು. ಮಗನ ಕಾರಿನಲ್ಲಿದ್ದಾರೆ ಅಂತ ಸತೀಶ್ ಅಂಕಲ್, ಲತಾ ಆಂಟಿ ಅಂದುಕೊಂಡರು. ನಾನು ಏನೂ ಅಂದುಕೊಳ್ಳಲಿಲ್ಲ, ನೋಟ್‌ಬುಕ್ಕಿನಲ್ಲಿ ಬೆಕ್ಕು ಕೂಡಿಸುತ್ತಿದ್ದೆ.

ನಲವತ್ತು ನಿಮಿಷ ಆದಮೇಲೆ ನದಿ ಪಕ್ಕದ ಊರಿನಲ್ಲಿ ಇಳಿದೆವು. ಇಳಿದದ್ದೇ ತಡ, ನೀರಿನ ಮೇಲಿನ ಗಾಳಿ ಮೈ ಕೊರೆಯಿತು. ಅಮ್ಮ ತಿರುಗಿಯೂ ನೋಡದೆ ಹಿಂದಕ್ಕೆ ಕೈ ಚಾಚಿ, "ಅತ್ತೆ, ನನ್ನ ಜಾಕೆಟ್ ಕೊಡಿ" ಅಂದಳು.

ಕೈ ಹಾಗೇ ಚಾಚಿತ್ತು. ಯಾರೂ ಏನೂ ಕೊಡಲಿಲ್ಲ.

"ಜಾಕೆಟ್‌ಗಳು ಎಲ್ಲಿ?" ಅಂದರು ಲತಾ ಆಂಟಿ. ಮೊದಲು ಕೇಳಿದ್ದು ಜಾಕೆಟ್ಟನ್ನ. ಏಳು ಜನರಲ್ಲಿ ಒಬ್ಬರು ಕಡಿಮೆ ಆಗಿರುವುದು ನಮಗೆ ಗೊತ್ತಾಗಿದ್ದು ಚಳಿಯಾಗಿ.

ವಾಪಸ್ ಹೋಗುವಾಗ ನಾನು ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು.

"ನಿನಗೇನಾದ್ರೂ ಹೇಳಿದ್ಲೇನೇ?"

"ನೋ" ಅಂದೆ.

ಕಾರು ನಿಲ್ಲುತ್ತಲೇ ಎಲ್ಲರಿಗಿಂತ ಮುಂದೆ ಚಾವಡಿಗೆ ಓಡಿದೆ. ಖಾಲಿ. ಕಲ್ಲಿನ ಕಟ್ಟೆ ಮೇಲೆ ಒಂದು ಕರ್ಚೀಫೂ ಇಲ್ಲ. ಬಂದಿದ್ದ ನಾಲ್ಕಾರು ಟೂರಿಸ್ಟುಗಳೂ ಹೋಗಿ ಬಾಗಿಲುಗಳು ಮುಚ್ಚಿದ್ದವು. ಹೊತ್ತು ಇಳಿಯುತ್ತಿತ್ತು. ಒಂದು ಕಡೆ ಕಾಡು, ಇನ್ನೊಂದು ಕಡೆ ಬಂಡೆ, ಕೆಳಗೆ ನದಿ. ಅಪ್ಪ ಅವ್ವಾ ಅವ್ವಾ ಅಂತ ಕೂಗುತ್ತಾ ಓಡಾಡಿದರು. ಆ ಕಲ್ಲುಬೀದಿಯಲ್ಲಿ ಅವರ ದನಿ ತಿರುಗಿ ಬರುತ್ತಿತ್ತು.

ಸತೀಶ್ ಅಂಕಲ್ ಫೋನ್ ಮಾಡಿ ಪೊಲೀಸರನ್ನು ಕರೆಸಿದರು. ಬಂದವಳು ಒಬ್ಬ ಯುವತಿ, ತಡೆತಡೆದು ಇಂಗ್ಲಿಷು ಮಾತಾಡುತ್ತಿದ್ದಳು. ಅಪ್ಪ ಅಜ್ಜಿಯ ಪಾಸ್‌ಪೋರ್ಟು ಕೊಟ್ಟರು. ಅದು ಎಂಟು ವರ್ಷ ಹಳೇ ಫೋಟೊ, ಕೂದಲು ಕಪ್ಪಗಿತ್ತು, ಮುಖ ಇನ್ಯಾರದೋ. ಅವಳು ತಲೆಯಾಡಿಸಿ, ಇವತ್ತಿನದು ತೋರಿಸಿ ಅಂದಳು. ಇವತ್ತು ಏನು ಹಾಕಿಕೊಂಡಿದ್ದರು, ಹೇಗೆ ಕಾಣುತ್ತಿದ್ದರು, ರಸ್ತೆಯಲ್ಲಿರುವ ಪೊಲೀಸರಿಗೆ ಕಳಿಸುತ್ತೇನೆ.

ಸತೀಶ್ ಅಂಕಲ್ ಕ್ಯಾಮೆರಾ ತೆಗೆದರು. ಇವತ್ತಿನದು ನೋಡಿದರು. ನಿನ್ನೆಯದು ನೋಡಿದರು. ಮೊನ್ನೆಯದು ನೋಡಿದರು. ಅಪ್ಪನ ಫೋನು, ಅಮ್ಮನ ಫೋನು, ಲತಾ ಆಂಟಿಯ ಫೋನು. ನೂರಾರು ಫೋಟೊ, ಕೋಟೆ ಇದೆ, ಸೇತುವೆ ಇದೆ, ನಾವಿದ್ದೇವೆ, ಬೆಕ್ಕುಗಳೂ ಇವೆ. ಅಜ್ಜಿ ಒಂದರಲ್ಲೂ ಇಲ್ಲ. ನಾಲ್ಕು ದಿನದಲ್ಲಿ ಒಬ್ಬರೂ ಅವಳನ್ನು ಬಾ ನಿಲ್ಲು ಅಂದಿರಲಿಲ್ಲ.

"ಸೀರೆ ಯಾವ ಬಣ್ಣ?" ಅಂದಳು ಪೊಲೀಸಿನವಳು.

ಹಸಿರು ಅಂದರು ಅಪ್ಪ. ಕಂದು ಇರಬೇಕು ಅಂದಳು ಅಮ್ಮ. ಲತಾ ಆಂಟಿ ಅಳೋಕೆ ಶುರುಮಾಡಿದರು.

"ನೇರಳೆ" ಅಂದೆ ನಾನು. "ಸಣ್ಣ ಸಣ್ಣ ಮಾವಿನಕಾಯಿ ಅಂಚು. ಎಡಗಡೆ ಶೂನ ದಾರ ಕಿತ್ತುಹೋಗಿ ಹಸಿರು ಉಲ್ಲನ್ ನೂಲು ಕಟ್ಟಿದ್ದಾಳೆ." ಬೆಳಗ್ಗೆ ಕಾರಿನಲ್ಲಿ ಆ ಸೀರೆ ಮೇಲೇ ಮಲಗಿದ್ದೆ.

ಆ ಪೊಲೀಸ್ ಹುಡುಗಿ ಒಂದೊಂದೇ ಬಾಗಿಲು ತಟ್ಟುತ್ತಾ ಹೋದಳು. ಆರೋ ಏಳೋ ಮನೆ ಆದಮೇಲೆ ಕೈಬೀಸಿ ಕರೆದಳು. ಅದು ವಾಲ್‌ನಟ್ ಎಣ್ಣೆ ಮಾರುವ ಪುಟ್ಟ ಅಂಗಡಿ, ಮುಂದಿನ ಬಾಗಿಲು ಮುಚ್ಚಿತ್ತು. ಒಳಗೆ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಅಂಗಡಿಯ ಮುದುಕಿಯೂ ನನ್ನಜ್ಜಿಯೂ ಎದುರುಬದುರು ಕೂತು, ಸುತ್ತಿಗೆಯಲ್ಲಿ ಕಾಯಿ ಒಡೆದು ತಿರುಳು ಬಿಡಿಸುತ್ತಿದ್ದರು. ಇವಳು ಕನ್ನಡದಲ್ಲಿ ಏನೋ ಹೇಳುತ್ತಿದ್ದಳು, ಅವಳು ಅವಳ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಆರು ಜಾಕೆಟ್ಟು, ಮಡಿಸಿ ಒಂದರ ಮೇಲೊಂದು.

ಅಪ್ಪನಿಗೆ ಭಯ ಹೋದಮೇಲೆ ಬರುವ ಸಿಟ್ಟು ಬಂತು.

"ಯಾರಿಗೂ ಹೇಳ್ದೆ ಎಲ್ಲಿಗೆ ಬಂದ್ಬಿಟ್ಟೆ ಅವ್ವಾ? ಒಂದು ಮಾತು ಹೇಳೋಕಾಗಲ್ವಾ?"

ಅಜ್ಜಿ ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ.

"ಹೇಳದು ಮರ್ತೆ ಕಣ್ಲಾ. ವಯಸ್ಸಾಯ್ತಲ್ಲ" ಅಂದಳು. ಎದ್ದು ಯಾರ ಜಾಕೆಟ್ ಯಾರಿಗೆ ಅಂತ ಒಂದೂ ತಪ್ಪದೆ ಕೊಟ್ಟಳು. ನನ್ನದನ್ನು ತಾನೇ ತೊಡಿಸಿದಳು. ಅವಳ ಬೆರಳು ಇನ್ನೂ ತಣ್ಣಗಿದ್ದವು. ಆ ಮುದುಕಿ ಕರೆಯುವ ತನಕ ಚಾವಡಿಯ ಗಾಳಿಯಲ್ಲಿ ಕೂತಿದ್ದಳಂತೆ.

"ಆರು ಜಾಕೆಟ್ ಇತ್ತಲ್ಲಜ್ಜಿ, ಒಂದು ಹಾಕ್ಕೋಬಾರದಿತ್ತಾ?" ಅಂದೆ.

"ನಿಮ್ದಲ್ವಾ ಮಗ ಅವು" ಅಂದಳು.

ಕೂಪರ್ಟಿನೋಗೆ ವಾಪಸ್ ಬಂದಮೇಲೆ ಸತೀಶ್ ಅಂಕಲ್ ಮನೆಯ ದೊಡ್ಡ ಟೀವಿಯಲ್ಲಿ ಫೋಟೊ ಹಾಕಿದರು. ಎಂಟು ಹತ್ತು ಮನೆಯವರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ವಾವ್ ವಾವ್ ಅಂದರು. ಅಜ್ಜಿ ಕಳೆದುಹೋದ ಕಥೆ ಅಷ್ಟರಲ್ಲಿ ತಮಾಷೆಯಾಗಿತ್ತು. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕಳು. ಅಲ್ಲೇ ಇದ್ದ ಒಬ್ಬ ಡಾಕ್ಟರ್ ಆಂಟಿ ಮಾತ್ರ ನಗಲಿಲ್ಲ. ಈ ವಯಸ್ಸಿನಲ್ಲಿ ಮರೆವು ಹೀಗೇ ಶುರುವಾಗೋದು, ಒಬ್ಬರನ್ನೇ ಬಿಡಬೇಡಿ ಅಂದರು.

ಅಪ್ಪ ಬಿಡಲಿಲ್ಲ. ಮುಂದಿನ ಸೋಮವಾರದಿಂದ ನನ್ನನ್ನು ಸ್ಕೂಲು ಬಿಟ್ಟಮೇಲೂ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್‌ಕೇರಿಗೆ ಹಾಕಿದರು. ಅಜ್ಜಿ ಹಗಲು ಒಲೆ ಹಚ್ಚುವ ಹಾಗಿಲ್ಲ, ಪಾರ್ಕಿಗೆ ಹೋಗುವ ಹಾಗಿಲ್ಲ. "ರೋಡ್ ಕ್ರಾಸ್ ಮಾಡುವಾಗ ಮರೆತು ನಿಂತುಬಿಟ್ರೆ ಏನ್ ಗತಿ ಅವ್ವ?" ಅಂದರು. ಪ್ರೀತಿಯಿಂದಲೇ ಅಂದರು. ಅಜ್ಜಿ ಒಂದು ವಾರ ಬೆಳಗ್ಗೆ ಎದ್ದು ಸೀರೆ ಆರಿಸಿ ಇಡುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಹಾಸನದ ಅಜ್ಜಿಯರು ಎರಡು ಸಲ ಫೋನ್ ಮಾಡಿದರು.

ನಾನು ಒಂದು ದಿನ ಅಳುತ್ತಾ, ಅಪ್ಪನಿಗೆ ಹೇಳಿಬಿಡ್ತೀನಿ ಅಂದೆ.

"ಬ್ಯಾಡ ಬುಡು. ನಿನ್ನಾದ್ರೆ ಬಯ್ತಾನೆ, ನನ್ನ ಏನಂದಾನು" ಅಂದಳು.

ಬುಡು ಅಂದಳಲ್ಲ, ನಾನು ಬಿಟ್ಟೇಬಿಟ್ಟೆ. ಅಷ್ಟು ಸಲೀಸಾಗಿ ಬಿಟ್ಟೆನಲ್ಲ ಅಂತ ನನ್ನ ಬಗ್ಗೆ ನನಗೇ ದಿಗಿಲಾಗುತ್ತದೆ. ನಾಲ್ಕು ವರ್ಷ ಆದಮೇಲೆ ಅಜ್ಜಿ ಹೋದಳು, ನಿದ್ದೆಯಲ್ಲಿ. ಕೊನೆ ದಿನದ ತನಕ ಯಾವ ಡಬ್ಬದಲ್ಲಿ ಏನಿದೆ ಅಂತ ಅವಳನ್ನೇ ಕೇಳಬೇಕಿತ್ತು.

ಹೋದ ವರ್ಷ ಅವಳ ತಿಥಿಗೆ ಬರ್ಕ್ಲಿಯ ಕಾಲೇಜಿನಿಂದ ಮನೆಗೆ ಹೋಗಿದ್ದೆ. ಗೋಡೆಗೆ ಹಾಕಲು ಅಪ್ಪನಿಗೆ ಒಂದು ದೊಡ್ಡ ಫೋಟೊ ಬೇಕಿತ್ತು. ಸತೀಶ್ ಅಂಕಲ್ ಹತ್ತಿರ ಫ್ರಾನ್ಸಿನದೆಲ್ಲ ಇಸಿದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು, ಅವತ್ತು ಕಾಣದ್ದು ಈಗ ಸಿಗುತ್ತದೇನೋ ಅನ್ನುವ ಹಾಗೆ.

"ಒಂದೂ ಇಲ್ವಲ್ಲೇ" ಅಂದರು.

ಒಂದು ಫೋಟೊ ತೆರೆದಿತ್ತು. ಸೇತುವೆ ಮೇಲೆ ನಾವೆಲ್ಲ ಹಳದಿ, ಕೆಂಪು, ನೀಲಿ. ನಿಧಿಯ ತೋಳಿನ ಮೇಲೆ ಚಳಿಗೆ ಎದ್ದ ಮುಳ್ಳು ಕೂಡ ಕಾಣುತ್ತಿತ್ತು. "ಯಾರೂ ಜಾಕೆಟ್ ಹಾಕಿಲ್ಲ ನೋಡಪ್ಪ. ಎಲ್ಲಾ ಫೋಟೊದಲ್ಲೂ ಹೀಗೇ. ಅವು ಯಾರ ತೋಳಿನ ಮೇಲಿದ್ವು?" ಅಂದೆ. ಅಪ್ಪ ನೋಡುತ್ತಾ ಕೂತರು. ಆಗ ಹೇಳಿದೆ. ಚಾವಡಿ, ಮೆಟ್ಟಿಲು, ಕಿತ್ತಳೆ ಬಾಲ, ಕಾರಿನಲ್ಲಿ ಹೇಳಿದ ಸುಳ್ಳು, ಎಲ್ಲ.

ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. "ಹಂಗಾದ್ರೆ ಅವ್ವ ಮರೀಲಿಲ್ವಾ?" ಅಂದರು.

"ಇಲ್ಲ."

ಎದ್ದು ಕಾರಿನ ಕೀ ತೆಗೆದುಕೊಂಡರು. ಹಳೇ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿ ಇಳಿದರು, ನಾನೂ ಇಳಿದೆ. ಅಲ್ಲಿಂದ ಪಾರ್ಕಿಗೆ ನಡೆದೆವು. ಬೆಂಚು ಅದೇ ಜಾಗದಲ್ಲಿತ್ತು, ಯಾರೋ ಒಬ್ಬ ಹುಡುಗ ಫೋನ್ ನೋಡುತ್ತಾ ಕೂತಿದ್ದ. ಅಪ್ಪ ಕೈಗಡಿಯಾರ ನೋಡಿಕೊಂಡರು, ನಾವು ಬಂದ ದಾರಿಯನ್ನು ತಿರುಗಿ ನೋಡಿದರು.

"ಎಂಟು ನಿಮಿಷ" ಅಂದರು. "ದಾಟೋಕೆ ಒಂದು ರೋಡೂ ಇಲ್ಲ."