ಕಸ್ತೂರಿಬಾಯಿಯವರ ಮನೆಯ ಮೀನುಗಳ ಊಟ

ನೆನೆಸಿಟ್ಟ ಗುಳಿಗೆಗಳನ್ನು ಮೂಸಿ ನೋಡಿದವರೇ ಕಸ್ತೂರಿಬಾಯಿ ಬಟ್ಟಲನ್ನು ಒಲೆಯ ಕಟ್ಟೆಯ ಮೇಲೆ ಕುಕ್ಕಿದರು. ಆಮೇಲೆ ತಮ್ಮ ಬೆರಳುಗಳನ್ನು ಮೂಸಿದರು.

“ನಿಶಾ, ಇದನ್ನ ಸ್ವಲ್ಪ ನೋಡವಾ. ಮೀನಿನ ವಾಸನಿ ಬರಾಕತ್ತೈತಿ.”

ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎರಡನೆಯ ಮಹಡಿ, ನಮ್ಮದು ಮೂರನೆಯದು. ನಾನು ಪ್ರಾಣಿಶಾಸ್ತ್ರ ಓದಿ ಆಹಾರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವವಳು. ಹಾಲು ಒಡೆದರೂ, ಹಿಟ್ಟು ಕಹಿಯಾದರೂ ನನ್ನನ್ನು ಕರೆಯುವುದು ಅವರಿಗೆ ರೂಢಿ. ಈಗ ಬಟ್ಟಲಿನಲ್ಲಿದ್ದದ್ದು ಅವರ ಎರಡು ಗೋಲ್ಡ್‌ಫಿಶ್‌ಗಳ ದಿನದ ಆಹಾರ. ದೊಡ್ಡ ಮೀನು ಹಿಂದಿನ ದಿನದಿಂದ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಒಣ ಗುಳಿಗೆ ಹೊಟ್ಟೆಯೊಳಗೆ ಹೋಗಿ ಉಬ್ಬಿರಬೇಕು, ನೆನೆಸಿ ಹಾಕಿ ನೋಡಿ ಎಂದು ನೆಲಮಹಡಿಯ ಚಂಪಾ ಹೇಳಿಕೊಟ್ಟಿದ್ದರು. ಒಣಗಿದ್ದಾಗ ಸುಮ್ಮನಿದ್ದ ಗುಳಿಗೆ ಬೆಚ್ಚಗಿನ ನೀರು ತಾಗಿದ ಕೂಡಲೇ ತನ್ನ ಮೂಲವನ್ನು ಅಡುಗೆಮನೆಯ ತುಂಬ ಸಾರಿತ್ತು.

“ಮೀನಿಂದರೀ ಕಾಕು. ಒಣಮೀನಿನ ಪುಡಿ, ಸೀಗಡಿ ಪುಡಿ. ಅದಕ್ಕ ಗೋಧಿ ಹಿಟ್ಟ ಕೂಡಿಸಿ ಮಾಡಿರತಾರ.”

“ಮೀನಕ್ಕ ಮೀನ?”

“ಹೌದ್ರೀ. ಅಂಗಡ್ಯಾಗ ಸಿಗೂವು ಹೆಚ್ಚು ಕಡಿಮಿ ಎಲ್ಲಾ ಹಂಗ.”

“ಸುಳ್ಳ ಹೇಳಬ್ಯಾಡ.”

ನಾನು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟರು.

ಕಸ್ತೂರಿಬಾಯಿ ವಿಜಯಪುರದ ಕಡೆಯ ಲಿಂಗಾಯತರು. ಮದುವೆಯಾಗಿ ಮುಂಬಯಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಚಟ್ನಿ ಮಾಡಿ ಕೊಡಲು ತೊಡಗಿದರು. ಅಂಧೇರಿಯಿಂದ ಬಾಂದ್ರಾದವರೆಗೆ ಇರುವ ಧಾರವಾಡ, ಬೆಳಗಾವಿ ಕಡೆಯ ಮನೆಗಳಿಗೆ ಅವರ ಕೈಯ ರೊಟ್ಟಿಯೇ ಆಗಬೇಕು. ರುಚಿ ಒಂದು ಕಾರಣ, ಆ ಅಡುಗೆಮನೆಯ ಶುದ್ಧತೆಯ ಮೇಲಿನ ನಂಬಿಕೆ ಇನ್ನೊಂದು. ಜೀವನದಲ್ಲಿ ಯಾರ ಉಪಯೋಗಕ್ಕೂ ಅಲ್ಲದೆ, ಬರೀ ನೋಡಬೇಕೆಂಬ ಆಸೆಗೆ ಅವರು ಕೊಂಡ ಒಂದೇ ವಸ್ತುವೆಂದರೆ ಈ ಮೀನಿನ ತೊಟ್ಟಿ. ಕುರ್ಲಾದ ಅಂಗಡಿಗೆ ತಾವೇ ಹೋಗಿ ಆರಿಸಿ ತಂದಿದ್ದರು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಾವು ಉಣ್ಣುವ ಮೊದಲು, ಬೆರಳಿನ ವಿಭೂತಿ ಇನ್ನೂ ಆರದಿರುವಾಗಲೇ ಅವಕ್ಕೆ ಚಿಟಿಕೆ ಗುಳಿಗೆ ಹಾಕುತ್ತಿದ್ದರು. ಗುಳಿಗೆಯ ಡಬ್ಬಿ ಇರುತ್ತಿದ್ದದ್ದು ಚಟ್ನಿಗಳ ಸಾಲಿನಲ್ಲಿ.

“ಇದ ಕೈಲೆ,” ಎಂದರು. ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು.

ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಹಿಂಡಿ, ಚಟ್ನಿಗೆ ಏನೂ ತಾಗಿರಲಾರದು ಎಂದು ನಾನು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಗಿರಾಕಿಗಳಿಗೆಲ್ಲ “ಇವತ್ತ ರೊಟ್ಟಿ ಇಲ್ಲರಿ” ಎಂದು ಫೋನ್ ಮಾಡಿದರು. ಇಡೀ ಕಪಾಟು ಖಾಲಿ ಮಾಡಿ, ಚಟ್ನಿ ಚೆಲ್ಲಿ, ಡಬ್ಬಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಸಂಜೆ ಬಾಂದ್ರಾದ ಆಫೀಸಿನಿಂದ ಬಂದ ಸೊಸೆ ಸೋನಾಲಿ ಹಾಲ್ ತುಂಬ ಬೋರಲು ಹಾಕಿದ್ದ ಪಾತ್ರೆಗಳನ್ನು ನೋಡಿ ಚಪ್ಪಲಿ ಬಿಡುವುದನ್ನೇ ಮರೆತಳು.

“ಅತ್ತಿ, ಚೋರ್ ಬಂದಿದ್ದನ ಕ್ಯಾ?”

“ನಾನ ಬಿಟ್ಟಕೊಂಡಿದ್ದೆ ಒಳಗ,” ಎಂದರು ಕಸ್ತೂರಿಬಾಯಿ.

ವಿಷಯ ತಿಳಿದ ಮೇಲೆ ಸೋನಾಲಿ ಸರಿಯಾಗಿ ಬಾರದ ಕನ್ನಡದಲ್ಲಿ ತಡವರಿಸುತ್ತ ಸಮಾಧಾನ ಮಾಡಿದಳು. “ಅವು ಫಿಶ್ ಅತ್ತಿ. ಅವಕ್ಕ... ಮತಲಬ್... ಏನೂ ಅನ್ನಿಸೂದಿಲ್ಲ.”

“ನನಗ ಅನಸ್ತೈತಲ್ಲ! ಈ ಮನ್ಯಾಗ ಇರೂದಾದ್ರ ಅವೂ ನಮ್ಮಂಗ ಉಣಬೇಕು. ಇಲ್ಲಾಂದ್ರ ಕುರ್ಲಾಕ್ಕ ವಾಪಸ್.” ಕೊನೆಯ ಮಾತಿಗೆ ಅವರ ದನಿ ತಾನಾಗಿ ತಗ್ಗಿತು. ತೊಟ್ಟಿಯ ಕಡೆ ನೋಡದೆ ಒಳಗೆ ಹೋದರು.

ಮರುದಿನದಿಂದ ಮೀನುಗಳಿಗೆ ಜೋಳದ ರೊಟ್ಟಿಯ ಪುಡಿ. ನಾನು ಬೇಡವೆಂದೆ. “ನಾವು ತಿಂದು ಗಟ್ಟಿ ಇಲ್ಲೇನು?” ಎಂದು ಕೇಳಿದರು. ವಾರ ಕಳೆಯುವುದರೊಳಗೆ ತೊಟ್ಟಿಯ ನೀರು ಗಂಜಿಯಂತಾಯಿತು. ನಡುವೆ ನೆಟ್ಟಗಾಗಿದ್ದ ದೊಡ್ಡ ಮೀನು ಮತ್ತೆ ಮಗುಚಿತು. ಚಿಕ್ಕದು ರೆಕ್ಕೆ ಮಡಚಿ ತಳಕ್ಕೆ ಕೂತುಬಿಟ್ಟಿತು. ಅವರು ಬಂದು ನಮ್ಮ ಬಾಗಿಲು ತಟ್ಟಿದಾಗ ಕಣ್ಣು ಕೆಂಪಾಗಿದ್ದವು.

“ನಾ ಕೊಲ್ಲಾಕತ್ತೇನಿ ಅವನ್ನ.”

ಗೋಲ್ಡ್‌ಫಿಶ್‌ಗೆ ನಮ್ಮ ಹಾಗೆ ಹೊಟ್ಟೆಯ ಚೀಲವಿಲ್ಲ. ತಿಂದದ್ದು ನೇರವಾಗಿ ಕರುಳಿಗೇ ಹೋಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕು. ಬರೀ ಹಿಟ್ಟು ಅದಕ್ಕೆ ಜೀರ್ಣವಾಗದು, ಉಳಿದದ್ದು ನೀರನ್ನು ಕೆಡಿಸುತ್ತದೆ. ಆದರೆ ಅದು ಸೊಪ್ಪನ್ನೂ ತಿನ್ನುವ ಜಾತಿ. ಬೇಕಾದ ಪ್ರೋಟೀನು, ಎಣ್ಣೆಯಂಶ, ನಾರು ಹೊಂದಿಸಿದರೆ ಸಸ್ಯದ ಆಹಾರದಲ್ಲೂ ಬದುಕೀತು. ಇದನ್ನು ಹೇಳಿ, ಮೊದಲು ಒಂದು ದಿನ ಮೀನುಗಳಿಗೆ ಉಪವಾಸ ಮಾಡಿಸಿ, ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು. ಆಮೇಲೆ ಇಬ್ಬರೂ ಕೂಡಿ ಅಡುಗೆಗೆ ನಿಂತೆವು. ಸಿಪ್ಪೆ ತೆಗೆದ ಬೆಂದ ಬಟಾಣಿ, ಪಾಲಕ, ಸೋಯಾ ಹಿಟ್ಟು, ಸ್ಪಿರುಲಿನಾ ಎಂಬ ಹಸಿರು ಪಾಚಿಯ ಪುಡಿ, ಅವರ ಮನೆಯ ಅಗಸಿಯ ಪುಡಿ. ಎಲ್ಲ ನುಣ್ಣಗೆ ರುಬ್ಬಿ, ಹಬ್ಬದ ಸಿಹಿಗೆ ಹಾಕುವ ಚೈನಾ ಗ್ರಾಸ್ ಕರಗಿಸಿ ಗಟ್ಟಿ ಮಾಡಿದೆವು. ಬೇಳೆಕಾಳಿನಷ್ಟು ತುಣುಕು ಮಾಡಿ, ಅವು ಎರಡು ನಿಮಿಷದಲ್ಲಿ ಮುಗಿಸುವಷ್ಟೇ, ದಿನಕ್ಕೆ ಎರಡು ಹೊತ್ತು ಹಾಕಿದೆವು.

ಮೊದಲ ದಿನ ಅವು ಬಾಯಿಗೆ ಹಾಕಿಕೊಂಡು ಉಗುಳಿದವು. ಮೂರನೆಯ ದಿನ ಗಾಜಿನ ಬಳಿಗೆ ಬಂದು ಕಾದವು. ದೊಡ್ಡದು ನೆಟ್ಟಗೆ ಈಜಿತು.

ಬಿಲ್ಡಿಂಗಿನಲ್ಲಿ ಸುದ್ದಿಯಾಯಿತು. ಉಡುಪಿಯ ಕಡೆಯವರಾದ ಚಂಪಾ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದರು.

“ಕಸ್ತೂರಿಯಕ್ಕ, ನಿಮ್ಮ ಮೀನು ಇನ್ನು ಏಕಾದಶಿ ಸಹ ಮಾಡ್ತದಾ ಹೇಗೆ?”

“ಮಾಡಿದ್ರ ನಿಮ್ಮನ್ನ ಪಾರಣಿಗೆ ಕರೀತೀನ್ರಿ.”

“ಅಯ್ಯೋ ಬೇಡ ಮಾರಾಯ್ರೆ, ನಿಮ್ಮಲ್ಲಿ ಮೀನಿಗೇ ಬಟಾಣಿ, ನಮಗೆ ಎಂತ ಉಂಟು!”

ಚಳಿ ಮುಗಿದು ಸೆಕೆ ಶುರುವಾದ ದಿನಗಳು. ಒಂದು ಬೆಳಿಗ್ಗೆ ಮೇಲಿನ ಮಹಡಿಗೂ ಕೇಳುವಂತೆ ಕಸ್ತೂರಿಬಾಯಿ ಕೂಗಿದರು. ಓಡಿ ಹೋದೆ. ಚಿಕ್ಕ ಮೀನು ದೊಡ್ಡದನ್ನು ಮೂಲೆಯಿಂದ ಮೂಲೆಗೆ ಅಟ್ಟಿಸಿಕೊಂಡು ಹೋಗುತ್ತಿತ್ತು. ಜಗಳವೆಂದು ಅವರು ತಿಳಿದಿದ್ದರು. ಅಷ್ಟರಲ್ಲಿ ನೀರಿನ ಗಿಡದ ಎಲೆಗಳ ಮೇಲೆ ರವೆಯಷ್ಟು ಸಣ್ಣ, ಹೊಳೆಯುವ ಕಾಳುಗಳು ಅಂಟಿಕೊಂಡವು.

“ತತ್ತಿ! ಅಯ್ಯ ಶಿವನ, ತತ್ತಿ ಇಟ್ಟಾವ!” ಅವರ ಮುಖ ಅರಳಿತು.

ಅರಳಿದ್ದು ಅರೆಗಳಿಗೆ. ದೊಡ್ಡ ಮೀನು ತಿರುಗಿ ಬಂದು, ಬಟಾಣಿಯ ತುಣುಕನ್ನು ಹೆಕ್ಕುವ ಹಾಗೆಯೇ, ಎಲೆಯ ಮೇಲಿನ ಮೊಟ್ಟೆಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನತೊಡಗಿತು. ಚಿಕ್ಕದೂ ಸೇರಿಕೊಂಡಿತು.

ಕಸ್ತೂರಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. “ತಾನ ಹಡದದ್ದು... ನಿಶಾ, ನನ್ನ ಅಡಿಗಿ ಸಾಲಲಿಲ್ಲೇನು ಅವಕ್ಕ? ಹಸದು ತಿಂದುವೇನು?”

“ಹಸಿವಿಗಲ್ಲರೀ ಕಾಕು. ಏನ ಹಾಕಿದ್ರೂ ತಿಂತಾವ. ತಮ್ಮವು ಅನ್ನೂದು ಅವಕ್ಕ ಗೊತ್ತಾಗೂದಿಲ್ಲ.”

ತಪ್ಪು ಅವರದಲ್ಲ ಎಂದು ಹೇಳಲು ಹೋದ ಮಾತು ಅದು. ಆದರೆ ಅವರು ಇನ್ನಷ್ಟು ಬಿಳಿಚಿಕೊಂಡರು. ಬಳೆ ಹಿಂದೆ ಸರಿಸಿ ಮೊಣಕೈವರೆಗೆ ತೊಟ್ಟಿಯಲ್ಲಿ ಕೈಯಿಟ್ಟು, ಗಿಡವನ್ನು ಬುಡಸಹಿತ ಕಿತ್ತರು. ಸುತ್ತ ನೋಡಿ, ಕೈಗೆ ಸಿಕ್ಕ ಅಗಲ ಪಾತ್ರೆಯಲ್ಲಿ ಗಿಡವನ್ನಿಟ್ಟು ತೊಟ್ಟಿಯ ನೀರು ತುಂಬಿದರು. ಆಮೇಲೆಯೇ ಅವರಿಗೆ ತಿಳಿದದ್ದು, ಅದು ರೊಟ್ಟಿಯ ಹಿಟ್ಟು ನಾದುವ ಪರಾತ.

“ಇರಲಿ,” ಎಂದರು. “ಬ್ಯಾರೆ ತಂದರಾತು.”

ಮೂರನೆಯ ದಿನ ಮೊಟ್ಟೆ ಒಡೆದವು. ರೆಪ್ಪೆಗೂದಲಿಗೆ ಎರಡು ಕಣ್ಣು ಇಟ್ಟಂಥ ಮರಿಗಳು ಪಾತ್ರೆಯ ಅಂಚಿಗೆ ಅಂಟಿಕೊಂಡಿದ್ದವು. ಮೊದಲ ಒಂದೆರಡು ದಿನ ಅವಕ್ಕೆ ಮೊಟ್ಟೆಯಿಂದಲೇ ಹೊತ್ತು ತಂದ, ಹೊಟ್ಟೆಯಡಿಯ ಚೀಲದ ಆಹಾರವೇ ಸಾಕು. ಅಂಚು ಬಿಟ್ಟು ಈಜತೊಡಗಿದವೆಂದರೆ ಆ ಬುತ್ತಿ ಮುಗಿಯಿತೆಂದೇ ಅರ್ಥ. ಮರುದಿನ ಸಂಜೆ ಅವು ಈಜತೊಡಗಿದವು. ಕಸ್ತೂರಿಬಾಯಿ ಹಸಿರು ಅಡುಗೆಯನ್ನು ನೀರಿನಲ್ಲಿ ಕದಡಿ ಹಾಕಿದರು. ಒಂದೂ ಬಾಯಿ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಪಾತ್ರೆಯ ತಳದಲ್ಲಿ ಕೆಲವು ಅಲುಗದೆ ಬಿದ್ದಿದ್ದವು.

“ಇವಕ್ಕೇನ ಹಾಕಬೇಕು, ಹೇಳ.”

ನೀರಿನ ಸೂಕ್ಷ್ಮಜೀವಿಗಳನ್ನು ಬೆಳೆಸಬಹುದು. ಅದಕ್ಕೆ ವಾರ ಬೇಕು, ಮರಿಗಳಿಗೆ ಅಷ್ಟು ಸಮಯವಿಲ್ಲ. ಅಂಗಡಿಯಲ್ಲಿ ಸಿಗುವುದು ಸೀಗಡಿಯಂಥ ಹುಳುವಿನ ಮರಿ. ಈಗಲೇ ಸಿಗುವುದು, ಎಲ್ಲರೂ ಕೊಡುವುದು ಇನ್ನೊಂದು.

“ಕೋಳಿ ತತ್ತಿರೀ. ಗಟ್ಟಿಯಾಗಿ ಕುದಿಸಿ, ಒಳಗಿನ ಹಳದಿ.”

ಕಸ್ತೂರಿಬಾಯಿ ಪರಾತದಿಂದ ಒಂದು ಹೆಜ್ಜೆ ಹಿಂದೆ ಸರಿದರು.

“ನಾ ತಂದು ಹಾಕತೀನ್ರಿ ಕಾಕು,” ಎಂದೆ. “ನೀವು ಒಳಗ ಕೂಡ್ರಿ, ನೋಡಬ್ಯಾಡ್ರಿ.”

“ನೀ ಹಾಕಿದ್ರ ನಾ ಹಾಕಿದಂಗ ಅಲ್ಲೇನು? ಒಳಗ ಕುಂತು ಯಾರಿಗೆ ಮೋಸ ಮಾಡ್ಲಿ?”

ಸೆರಗು ಹೊದ್ದು ಮೆಟ್ಟಿಲು ಇಳಿದರು. ನಾನು ಹಿಂದೆಯೇ ಹೋದೆ. ಇಷ್ಟು ವರ್ಷಗಳಲ್ಲಿ ಚಂಪಾ ಅವರ ಹೊಸ್ತಿಲನ್ನು ಕಸ್ತೂರಿಬಾಯಿ ದಾಟಿದವರಲ್ಲ. ಒಳಗೆ ಬಂಗುಡೆ ಮೀನು ಹುರಿಯುವ ಸದ್ದು. ಬಾಗಿಲಿಗೆ ಬಂದ ಚಂಪಾ ಸಟ್ಟುಗ ಹಿಡಿದವರು ಹಾಗೇ ನಿಂತರು.

“ಕಸ್ತೂರಿಯಕ್ಕ! ಎಂತ ಆಯ್ತು? ಯಾರಿಗಾದ್ರೂ ಹುಷಾರಿಲ್ವಾ?”

“ಒಂದ ತತ್ತಿ ಕುದಿಸಿ ಕೊಡ್ರಿ.”

ಚಂಪಾ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. “ಯಾರಿಗೆ?”

“ಸಣ್ಣವಕ್ಕ. ಸಾಯಾಕತ್ತಾವ.”

ಚಂಪಾ ತಮಾಷೆ ಮಾಡಲಿಲ್ಲ. ಹೋಗಿ ಬಂಗುಡೆಯ ಕಾವಲಿ ಇಳಿಸಿ, ಹೊಸ ಪಾತ್ರೆಯಲ್ಲಿ ನೀರಿಟ್ಟರು. “ಒಳಗೆ ಬನ್ನಿ, ಅಕ್ಕ. ನಿಂತು ಎಂತ ಮಾಡ್ತೀರಿ?”

ಕಸ್ತೂರಿಬಾಯಿ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕುಳಿತರು.

ಕುದಿಸಿದ ಮೊಟ್ಟೆಯನ್ನು ಮೇಲೆ ತಂದು, ಸಾಸಿವೆ ಕಾಳಿನಷ್ಟು ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿದೆ. ಹೆಚ್ಚಾದರೆ ನೀರು ಕೊಳೆತು ಮರಿಗಳೇ ಸಾಯುತ್ತವೆ, ಕೆಲವು ಹನಿ ಮಾತ್ರ ಎಂದು ಹೇಳಿ, ಡ್ರಾಪರ್ ಅವರ ಕೈಗೆ ಕೊಟ್ಟೆ. ಪರಾತದ ಅಂಚಿನಲ್ಲಿ ಒಂದೊಂದೇ ಹನಿ ಬಿಟ್ಟರು. ನೀರಿನಲ್ಲಿ ಸಣ್ಣ ಹಳದಿ ಮೋಡ ಎದ್ದು ಹರಡಿತು. ಮರಿಗಳು ಅದರೊಳಗೆ ನುಗ್ಗಿದವು.

ಮರಿಗಳ ಮೈ ಗಾಜಿನಂತೆ, ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಒಂದರ ಹೊಟ್ಟೆಯಲ್ಲಿ ಹಳದಿ ಚುಕ್ಕೆ ಕಂಡಿತು. ಆಮೇಲೆ ಇನ್ನೊಂದರಲ್ಲಿ. ನೋಡನೋಡುತ್ತ ಪಾತ್ರೆಯ ತುಂಬ ಹಳದಿ ಚುಕ್ಕೆಗಳು ಓಡಾಡತೊಡಗಿದವು.

ಕಸ್ತೂರಿಬಾಯಿ ಬಗ್ಗಿ, ಮೂಗು ನೀರಿಗೆ ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು.

“ನಿಶಾ,” ಎಂದರು, ತಲೆ ಎತ್ತದೆ. “ಮಧ್ಯಾಹ್ನ ಮತ್ತ ಎಷ್ಟೊತ್ತಿಗೆ ಹಾಕಬೇಕು?”